ಕಣ್ಣಿನ ಗೆರೆ

ಅಣ್ಣ ಗಲ್ಫಿನಿಂದ ಮೊದಲ ಸಲ ರಜೆಯಲ್ಲಿ ಬಂದಾಗ ಅಮ್ಮನಿಗೆಂದು ಆರು ಗಾಜಿನ ಲೋಟ ತಂದಿದ್ದ. ಎಂಬತ್ತರ ದಶಕದ ಮೊದಲ ವರ್ಷಗಳು. ಕಾರ್ಕಳದ ನಮ್ಮ ಮನೆಯಲ್ಲಿ ಪೆಟ್ಟಿಗೆಯ ಸುತ್ತ ಎಲ್ಲರೂ ಕೂತಿದ್ದೆವು. ಲೋಟ ಒಡೆಯದಿರಲಿ ಎಂದು ಒಂದೊಂದಕ್ಕೂ ನಾಲ್ಕೈದು ಹಾಳೆ ಸುತ್ತಿದ್ದ. ಮನೆಯವರು ಲೋಟಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರೆ ನಾನು ಕೆಳಗೆ ಬಿದ್ದ ಹಾಳೆಗಳನ್ನು ಬಿಡಿಸುತ್ತಿದ್ದೆ.

ಅವು ಚಿತ್ರಕಥೆಯ ಪುಸ್ತಕಗಳಿಂದ ಹರಿದವು. ಕೆಲವು ಹಾಳೆಗಳಲ್ಲಿ ಅಕ್ಷರಗಳೇ ಸಣ್ಣ ಸಣ್ಣ ವೃತ್ತ, ನೆಟ್ಟಗಿನ ಗೆರೆ, ಅಡ್ಡಗೆರೆಗಳಿಂದ ಕಟ್ಟಿದಂತಿದ್ದವು. ಇನ್ನು ಕೆಲವುಗಳಲ್ಲಿ ಸಾಲುಗಳು ಮೇಲಿಂದ ಕೆಳಕ್ಕೆ ಇಳಿದಿದ್ದವು. ಎರಡರಲ್ಲೂ ಹುಡುಗಿಯರ ಮುಖದಲ್ಲಿ ಮೂರರಲ್ಲೊಂದು ಪಾಲು ಕಣ್ಣೇ.

"ಇದೆಂತ ಭಾಷೆ?" ಎಂದು ಅಣ್ಣನನ್ನು ಕೇಳಿದೆ.

"ಈ ಸೊನ್ನೆ ಸೊನ್ನೆ ಇರುವುದು ಕೊರಿಯಾದ್ದು. ನಮ್ಮ ಕ್ಯಾಂಪಿನ ಪಕ್ಕದಲ್ಲೇ ಅವರ ಕ್ಯಾಂಪ್ ಉಂಟು. ಇನ್ನೊಂದು ಜಪಾನಿನದ್ದು, ಇಂಜಿನಿಯರುಗಳು ಓದಿ ಎಸೆದದ್ದು. ಬಿಸಾಡು ಅದನ್ನು, ಅದರಲ್ಲಿ ಎಂತ ಉಂಟು ನೋಡಲಿಕ್ಕೆ?"

ನಾನು ಬಿಸಾಡಲಿಲ್ಲ. ಮರುದಿನ ಇಸ್ತ್ರಿಪೆಟ್ಟಿಗೆಗೆ ಕೆಂಡ ಹಾಕಿ, ಮೇಲೊಂದು ತೆಳು ಬಟ್ಟೆ ಹಾಸಿ, ಒಂದೊಂದೇ ಹಾಳೆಯ ಸುಕ್ಕು ತೆಗೆದೆ.

ಅವುಗಳಲ್ಲಿ ಒಂದರಲ್ಲಿ ಕಥೆ ಇರಲಿಲ್ಲ. ಓದುಗರಿಗೆ ಚಿತ್ರ ಬರೆಯಲು ಕಲಿಸುವ ಪುಟ. ಒಂದು, ಎರಡು, ಮೂರು ಎಂದು ಇಂಗ್ಲಿಷ್ ಅಂಕೆಗಳಿದ್ದದ್ದರಿಂದ ಭಾಷೆ ಬಾರದಿದ್ದರೂ ಅರ್ಥವಾಗುತ್ತಿತ್ತು. ಮೊದಲು ಒಂದು ವೃತ್ತ. ಅದರ ನಡುವೆ ಮೇಲಿಂದ ಕೆಳಕ್ಕೆ ಒಂದು ಗೆರೆ, ಮೂಗು ಬಾಯಿ ಅದರ ಮೇಲೆ ಬರಬೇಕು. ಅದನ್ನು ಕತ್ತರಿಸುವ ಅಡ್ಡಗೆರೆಯ ಮೇಲೆ ಕಣ್ಣು. ವೃತ್ತದ ಕೆಳಗೆ ತಲೆಕೆಳಗಾದ ತ್ರಿಕೋನ ಅಂಟಿಸಿದರೆ ಅದು ಗದ್ದ. ಪುಟದ ಕೊನೆಯಲ್ಲಿ ನಾಲ್ಕು ತಲೆಗಳು ಸಾಲಾಗಿದ್ದವು: ಹಸುಗೂಸು, ಸಣ್ಣ ಹುಡುಗಿ, ಯುವತಿ, ಮುದುಕಿ. ನಾಲ್ಕಕ್ಕೂ ಮೇಲಿನ ವೃತ್ತ ಒಂದೇ ಅಳತೆ. ಕೂಸಿನ ಕಣ್ಣಿನ ಗೆರೆ ಇಡೀ ತಲೆಯ ಅರ್ಧಕ್ಕಿಂತ ಎಷ್ಟೋ ಕೆಳಗಿತ್ತು. ಹುಡುಗಿ ಬೆಳೆದಂತೆ ಗದ್ದದ ತ್ರಿಕೋನ ಉದ್ದವಾಗಿ, ಕಣ್ಣಿನ ಗೆರೆ ಏರುತ್ತ ಏರುತ್ತ ತಲೆಯ ಸರಿ ಅರ್ಧಕ್ಕೆ ಬಂದು ನಿಲ್ಲುತ್ತಿತ್ತು. ದೊಡ್ಡವರ ಕಣ್ಣು ನೆತ್ತಿಗೂ ಗದ್ದಕ್ಕೂ ಸರಿ ನಡುವೆ ಇರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕನ್ನಡಿಯ ಮುಂದೆ ಸ್ಕೇಲ್ ಹಿಡಿದು ನಿಂತು ನೋಡಿದೆ. ಹೌದು, ಸರಿಯಾಗಿ ನಡುವೆಯೇ ಇತ್ತು.

ಆಗ ನನಗೆ ಇಪ್ಪತ್ತೆರಡು. ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಚಿತ್ರ ಬರೆಯುವ ಕೆಲಸ. ಬೀಡಿ ಕಟ್ಟಿನ ಲೇಬಲ್, ಮದುವೆ ಕಾಗದದ ಅಂಚು, ಔಷಧಿ ಡಬ್ಬಿಯ ಮೇಲಿನ ಉಂಗುರ. ಕೈವಾರ, ಸೆಟ್ ಸ್ಕ್ವೇರ್, ಮಸಿ. ಮನುಷ್ಯರ ಮುಖ ಬರೆಯುವ ಕೆಲಸ ನಮಗೆ ಬರುತ್ತಿರಲಿಲ್ಲ, ನನಗೆ ಬರೆಯಲು ಬರುತ್ತಲೂ ಇರಲಿಲ್ಲ. ಆ ಪುಟ ಸಿಕ್ಕಿದ ಮೇಲೆ ಊಟದ ಬಿಡುವಿನಲ್ಲಿ ಕಟಿಂಗ್ ಮೆಷಿನ್ನಿನ ಚೂರು ಕಾಗದದ ಮೇಲೆ ಮುಖಗಳನ್ನು ಬರೆಯುತ್ತ ಕೂತೆ. ತಲೆ ತಿರುಗಿದಾಗ ಆ ಎರಡು ಗೆರೆಗಳು ಹೇಗೆ ಬಾಗುತ್ತವೆಂದು ತಿಳಿಯಲು ಒಂದು ಮೊಟ್ಟೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು, ಅದನ್ನು ಆಚೆ ಈಚೆ ತಿರುಗಿಸಿ ನೋಡಿ ಬರೆದೆ. ಕೈಕಾಲುಗಳೆಲ್ಲ ಕೊಳವೆಗಳು, ಎದೆ ಒಂದು ಪೆಟ್ಟಿಗೆ. ದೊಡ್ಡವರ ಎತ್ತರ ಏಳು ತಲೆಯಷ್ಟು, ಸಣ್ಣ ಮಗುವಿನದ್ದು ಐದು. ಎಲ್ಲಕ್ಕೂ ಅಳತೆ ಇತ್ತು.

ಒಂದು ವಿಷಯ ಮಾತ್ರ ನನಗೆ ಸರಿ ಹೋಗುತ್ತಿರಲಿಲ್ಲ. ವೃತ್ತ ಎಳೆದು ಎರಡು ಗೆರೆ ಹಾಕಿದ ಕೂಡಲೇ, ಕಣ್ಣು ಬರೆಯುವ ಮೊದಲೇ, ಅದು ನನ್ನನ್ನು ನೋಡುತ್ತಿದೆ ಅನ್ನಿಸುತ್ತಿತ್ತು. ಹಾಗಾಗಿ ಬೇಗ ಬೇಗ ಕಣ್ಣು ಬರೆದುಬಿಡುತ್ತಿದ್ದೆ. ಬರೆದ ಮೇಲೆ ಸಮಾಧಾನ.

ನಮ್ಮ ಮುದ್ರಣಾಲಯದ ಬೈಂಡಿಂಗ್ ವಿಭಾಗದಲ್ಲಿ ಕಾಪುವಿನ ಒಬ್ಬರಿದ್ದರು. ನನಗಿಂತ ಐದು ವರ್ಷ ದೊಡ್ಡವರು, ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಅವರು ನನ್ನನ್ನು ನಮ್ಮ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ಬಾಯಿ ಎನ್ನುತ್ತಿದ್ದರು. ನಮ್ಮ ಮಾತೆಲ್ಲ ತುಳುವಿನಲ್ಲಿ. ಅವರು ನಗುವುದು ಕಡಿಮೆ, ಕೆಲಸ ಬಹಳ ಚೊಕ್ಕ. ಒಂದು ದಿನ ಊಟದ ಬುತ್ತಿ ಹಿಡಿದು ನನ್ನ ಮೇಜಿನ ಬಳಿ ಬಂದವರು ನಾನು ಬರೆದಿಟ್ಟ ಒಬ್ಬ ಸಣ್ಣ ಹುಡುಗಿಯ ಮುಖ ನೋಡಿ ನಿಂತುಬಿಟ್ಟರು. ಬುತ್ತಿಯ ಮುಚ್ಚಳ ಕೈಯಿಂದ ಜಾರಿ ನೆಲದ ಮೇಲೆ ಉರುಳಿತು.

"ಇವಳನ್ನು ನೀವು ಎಲ್ಲಿ ನೋಡಿದ್ದು ಬಾಯಿ?"

"ಎಲ್ಲಿಯೂ ಇಲ್ಲ ಅಕ್ಕ. ಒಂದು ವೃತ್ತ, ಎರಡು ಗೆರೆ. ಕಣ್ಣಿನ ಗೆರೆ ಕೆಳಗಿದ್ದರೆ ಮಗು, ಮೇಲೆ ಹೋದರೆ ದೊಡ್ಡವರು. ಸುಮ್ಮನೆ ಬರೆದದ್ದು."

"ಇದು ನಮ್ಮ ಸಣ್ಣವಳು," ಎಂದರು.

ಅವರಿಗೊಬ್ಬಳು ತಂಗಿ ಇದ್ದಳೆಂದು ನನಗೆ ಗೊತ್ತಾದದ್ದು ಆಗಲೇ. ಹದಿನಾರು ವರ್ಷಗಳ ಹಿಂದೆ, ಆರು ವರ್ಷದವಳಿದ್ದಾಗ, ಕಾಪುವಿನ ದೀಪಸ್ತಂಭದ ಹತ್ತಿರದ ಬಂಡೆಗಳ ಬಳಿ ಸಮುದ್ರದ ಪಾಲಾಗಿದ್ದಳು. ಜೊತೆಗೆ ಇದ್ದದ್ದು ಹನ್ನೊಂದು ವರ್ಷದ ಅಕ್ಕ ಮಾತ್ರ. ದೇಹ ಸಿಗಲಿಲ್ಲ. ಮನೆಯಲ್ಲಿ ಒಂದು ಫೋಟೋ ಕೂಡ ಇರಲಿಲ್ಲ. ಅವರು ಆ ಚೂರು ಕಾಗದವನ್ನು ಕೇಳಿ ಪಡೆದು ಮನೆಗೆ ಒಯ್ದರು.

ಮೂರು ದಿನ ಬಿಟ್ಟು ಬಂದು ನನ್ನ ಪಕ್ಕ ಕೂತರು.

"ಅಮ್ಮ ನಿಮ್ಮನ್ನು ಕರೆದುಕೊಂಡು ಬಾ ಹೇಳಿದ್ದಾರೆ. ಅವಳಿಗೆ ಮದುವೆ ಮಾಡ್ಲಿಕ್ಕೆ ಉಂಟು."

"ಯಾರಿಗೆ?"

"ಸಣ್ಣವಳಿಗೆ."

ತುಳುವರ ಮನೆಗಳಲ್ಲಿ ಸತ್ತ ಮಕ್ಕಳು ಆ ಲೋಕದಲ್ಲೂ ಬೆಳೆಯುತ್ತಾರೆ, ಪ್ರಾಯಕ್ಕೆ ಬಂದಾಗ ಮದುವೆ ಬಯಸುತ್ತಾರೆ ಎಂಬ ನಂಬಿಕೆ ಇದೆಯೆಂದು ಕೇಳಿದ್ದೆ. ಸತ್ತ ಹುಡುಗನ ಮನೆಯವರನ್ನು ಹುಡುಕಿ, ಎರಡು ಕಡೆಯವರೂ ಒಪ್ಪಿ, ಮಳೆಗಾಲದ ಆಟಿ ತಿಂಗಳಲ್ಲಿ ಆ ಇಬ್ಬರಿಗೆ ಮದುವೆ ಮಾಡಿಸುತ್ತಾರೆ. ನಮ್ಮ ಕ್ರಿಶ್ಚಿಯನ್ನರಲ್ಲಿ ಅದಿಲ್ಲ. ಅಕ್ಕನ ಸ್ವಂತ ಮದುವೆ ಎಷ್ಟು ಸಲ ಮಾತಾದರೂ ಮುರಿದು ಹೋಗುತ್ತಿತ್ತು. ಮನೆಯವರು ಜೋಯಿಸರಲ್ಲಿ ಪ್ರಶ್ನೆ ಇಟ್ಟು ಕೇಳಿದಾಗ, ಸಣ್ಣವಳು ದೊಡ್ಡವಳಾಗಿ ಬಾಗಿಲಲ್ಲಿ ನಿಂತಿದ್ದಾಳೆ ಎಂದು ಬಂತಂತೆ. ಬೆಳ್ಮಣ್ಣಿನ ಒಂದು ಮನೆಯಲ್ಲಿ ಹುಡುಗನೂ ಸಿಕ್ಕಿದ್ದ.

"ಅದಕ್ಕೆ ನಾನು ಎಂತ ಮಾಡ್ಲಿಕ್ಕೆ ಅಕ್ಕ?"

"ನೀವೇ ಹೇಳಿದ್ರಲ್ಲ, ಗೆರೆ ಮೇಲೆ ಹೋದ್ರೆ ಮಕ್ಕಳು ದೊಡ್ಡವರಾಗ್ತಾರೆ ಅಂತ. ಅವಳ ಈಗಿನ ಮುಖ ಬೇಕಂತೆ ಅಮ್ಮನಿಗೆ. ಮದುವೆಗೆ ಬಂದ್ರೆ ಗುರುತು ಸಿಗುವುದು ಹೇಗೆ ಅಂತ ಕೇಳ್ತಾರೆ."

ಬೇಡವೆನ್ನಬಹುದಿತ್ತು. ಮನೆಯಲ್ಲಿ ಗೊತ್ತಾದರೆ ಅಮ್ಮ ನನ್ನನ್ನು ಪಾದ್ರಿಗಳ ಬಳಿಗೆ ಎಳೆದುಕೊಂಡು ಹೋಗುತ್ತಿದ್ದರು. ಆದರೂ ಮುಂದಿನ ಭಾನುವಾರ ಇಗರ್ಜಿಯ ಪೂಜೆ ಮುಗಿಸಿ, ಗೆಳತಿಯ ಮನೆಗೆಂದು ಹೇಳಿ, ಶಿರ್ವದ ಮೇಲೆ ಹೋಗುವ ಬಸ್ಸು ಹತ್ತಿ ಕಾಪುವಿಗೆ ಹೋದೆ. ಚೀಲದಲ್ಲಿ ಡ್ರಾಯಿಂಗ್ ಹಾಳೆ, ಕೈವಾರ, ಸೆಟ್ ಸ್ಕ್ವೇರ್, ಪೆನ್ಸಿಲ್.

ಅವರ ತಾಯಿ ಗಟ್ಟಿ ಹೆಂಗಸು. ಅಳುತ್ತಾರೇನೋ ಎಂದುಕೊಂಡಿದ್ದೆ, ಅಳಲಿಲ್ಲ. ನನ್ನನ್ನು ಜಗಲಿಯ ಮೇಲೆ ಕೂರಿಸಿ, ಬೆಲ್ಲ ನೀರು ಕೊಟ್ಟು, ಮುಖವನ್ನೇ ನೋಡಿದರು.

"ನಿಮಗೆ ಪ್ರಾಯ ಎಷ್ಟು?"

"ಇಪ್ಪತ್ತೆರಡು ಅಮ್ಮ."

"ಅವಳಿಗೂ ಅಷ್ಟೇ."

ಬರೆಯಲು ತೊಡಗುವ ಮೊದಲು ಒಳಗಿನಿಂದ ಹಸಿರು ಗಾಜಿನ ಬಳೆಗಳ ಕಟ್ಟು ತಂದರು. "ಅಳತೆ ನೋಡ್ಬೇಕಿತ್ತು, ಸ್ವಲ್ಪ ಕೈ ಕೊಡಿ," ಎಂದರು. ನನ್ನ ಕೈಯನ್ನು ಹಿಡಿದು, ಹೆಬ್ಬೆರಳನ್ನು ಒಳಕ್ಕೆ ಮಡಿಸಿ, ಒಂದು ಬಳೆಯನ್ನು ಮಣಿಕಟ್ಟಿನವರೆಗೆ ಜಾರಿಸಿದರು. ಸರಿಯಾಗಿ ಕೂತಿತು. ಅವರು ಬಳೆಯನ್ನು ತಿರುಗಿಸಿ ನೋಡಿ ಮೆಲ್ಲನೆ ತೆಗೆದು ಮತ್ತೆ ಕಟ್ಟಿಗೆ ಸೇರಿಸಿದರು.

ಮೊದಲ ಹಾಳೆಯಲ್ಲಿ ಆರು ವರ್ಷದ ಮುಖ. ಚೂರು ಕಾಗದದ ಚಿತ್ರ ಪಕ್ಕದಲ್ಲಿತ್ತು, ಅದನ್ನು ತಾಯಿ ತಿದ್ದಿಸಿದರು. ಎರಡು ಕಣ್ಣಿನ ನಡುವೆ ಇನ್ನೊಂದು ಕಣ್ಣು ಹಿಡಿಯುವಷ್ಟು ಜಾಗ ಬಿಡುವುದು ಲೆಕ್ಕ, ಅವಳಿಗೆ ಸ್ವಲ್ಪ ಹೆಚ್ಚೇ ಬೇಕೆಂದರು. ಬಿಟ್ಟೆ. ಕಿವಿ ಸ್ವಲ್ಪ ಹೊರಗೆ. ಮುಂದಿನ ಹಲ್ಲು ಬಿದ್ದಿತ್ತು. ಅಕ್ಕ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದರು. ಮುಖ ಮುಗಿದಾಗ ತಾಯಿ ತಲೆಯಾಡಿಸಿದರು.

ಆಮೇಲೆ ಅವಳನ್ನು ಬೆಳೆಸಲು ಶುರು ಮಾಡಿದೆ. ವೃತ್ತ ಅದೇ. ಗದ್ದದ ತ್ರಿಕೋನ ಬೆರಳಿನಷ್ಟು ಉದ್ದ ಮಾಡಿದೆ, ಕಣ್ಣಿನ ಗೆರೆ ತಲೆಯ ಅರ್ಧದತ್ತ ಒಂದು ಹೆಜ್ಜೆ ಏರಿತು. ಒಂಬತ್ತು ವರ್ಷ. ಕೆನ್ನೆ ಇಳಿಸಿದೆ, ಮೂಗಿಗೆ ಉದ್ದ ಕೊಟ್ಟೆ.

ತಾಯಿ ನೋಡಿ ನಕ್ಕರು. "ಹೌದು, ಆಗ ಹೀಗೇ. ಬಹಳ ಹಟ. ತಲೆ ಬಾಚ್ಲಿಕ್ಕೆ ಬಿಡ್ತಿರಲಿಲ್ಲ."

ಅವರು ಹಳೆಯ ನೆನಪು ಹೇಳುವ ದನಿಯಲ್ಲೇ ಹೇಳಿದರು. ನನ್ನ ಪೆನ್ಸಿಲ್ ನಿಂತಿತು. ಒಂಬತ್ತು ವರ್ಷದವಳಾಗಿ ಆ ಮಗು ಈ ಮನೆಯಲ್ಲಿ ಇರಲೇ ಇಲ್ಲ. ಬಾಗಿಲಲ್ಲಿದ್ದ ಅಕ್ಕನನ್ನು ನೋಡಿದೆ. ಅವರು ನೆಲ ನೋಡುತ್ತಿದ್ದರು.

ಮೂರನೆಯ ಹಾಳೆಯಲ್ಲಿ ಹದಿಮೂರು. ಅದನ್ನು ಬರೆದು ಮುಗಿಸಿ ತಾಯಿಯ ಕಡೆ ತಿರುಗಿಸಿದೆ. ಅವರು ಬಹಳ ಹೊತ್ತು ನೋಡಿ, ತಪ್ಪು ಕಂಡುಹಿಡಿದವರಂತೆ ಬೆರಳಿಟ್ಟು ತೋರಿಸಿದರು.

"ಇಲ್ಲಿ, ಬಲ ಹುಬ್ಬಿನಲ್ಲಿ ಗಾಯದ ಕಲೆ ಉಂಟಲ್ಲ? ಅದನ್ನು ನೀವು ಹಾಕ್ಲೇ ಇಲ್ಲ."

"ಆರು ವರ್ಷದ್ದಕ್ಕೆ ನೀವು ಹೇಳಲಿಲ್ಲ ಅಮ್ಮ."

"ಆಗ ಇರಲಿಲ್ಲ. ಆಮೇಲೆ ಆದದ್ದು."

ಹುಬ್ಬಿನ ನಡುವೆ ಸಣ್ಣ ಬಿರುಕು ಬಿಟ್ಟು, ಓರೆಯಾಗಿ ಒಂದು ಗೆರೆ ಎಳೆದೆ. ಬಾಗಿಲ ಕಡೆಯಿಂದ ಸದ್ದಾಯಿತು. ಅಕ್ಕ ಒಳಗೆ ಹೋಗಿಬಿಟ್ಟಿದ್ದರು.

ಹದಿನೆಂಟರದ್ದು ಬರೆದೆ. ಕೊನೆಗೆ ಇಪ್ಪತ್ತೆರಡು. ಇದಕ್ಕೆ ಕೈವಾರ ಒತ್ತಿ ಹಿಡಿದು ವೃತ್ತ ಎಳೆದೆ. ಸೆಟ್ ಸ್ಕ್ವೇರ್ ಇಟ್ಟು ನಡುಗೆರೆ ಹಾಕಬೇಕಿತ್ತು, ಉಳಿದ ನಾಲ್ಕಕ್ಕೂ ಹಾಗೇ ಮಾಡಿದ್ದೆ. ಅದು ಯಾಕೋ ಮರೆತು ಬರಿಗೈಯಲ್ಲೇ ಎಳೆದೆ. ಕಣ್ಣು, ಮೂಗು, ತುಟಿ, ಕೂದಲು ಎಲ್ಲ ಮುಗಿಸಿ ಹಾಳೆಯನ್ನು ದೂರ ಹಿಡಿದಾಗ ಕಂಡಿತು: ನಡುಗೆರೆ ಬಾಗಿತ್ತು. ಮೊಟ್ಟೆಯನ್ನು ತಿರುಗಿಸಿದಾಗ ಗೆರೆ ಬಾಗುವ ಹಾಗೆಯೇ. ಎಲ್ಲ ಹಾಳೆಗಳಲ್ಲೂ ನೇರ ನಮ್ಮನ್ನು ನೋಡುತ್ತಿದ್ದ ಹುಡುಗಿ ಇದರಲ್ಲಿ ಮುಖವನ್ನು ನಮ್ಮ ಎಡಕ್ಕೆ ಹೊರಳಿಸಿ ನಮ್ಮ ಆಚೆಗೆ ಏನನ್ನೋ ನೋಡುತ್ತಿದ್ದಳು. ಅವಳು ನೋಡುತ್ತಿದ್ದ ಕಡೆ ತಾಯಿಯೂ ನಾನೂ ಒಟ್ಟಿಗೇ ತಲೆ ತಿರುಗಿಸಿದೆವು. ಅಂಗಳ. ಅಂಗಳದಾಚೆ ಗೇಟು. ಯಾರೂ ಇರಲಿಲ್ಲ.

"ತಪ್ಪಾಯಿತು ಅಮ್ಮ. ಇನ್ನೊಂದು ಬರೆಯುತ್ತೇನೆ."

"ಬೇಡ," ಎಂದರು ಅವರು. "ಇವಳೇ. ಹೀಗೇ ಇರಲಿ."

ಹೆದ್ದಾರಿಯ ಬಸ್ ನಿಲ್ದಾಣದವರೆಗೆ ಅಕ್ಕ ನನ್ನೊಂದಿಗೆ ನಡೆದುಬಂದರು. ನಿಲ್ದಾಣದ ಪಕ್ಕದ ಒಂದು ಮುಚ್ಚಿದ ಅಂಗಡಿಯ ಮುಂದೆ ನಿಂತು ಅವರು ಹೇಳಿದರು.

"ಆ ದಿವಸ ಅವಳು ಸುಮ್ಮನೆ ಜಾರಿದ್ದಲ್ಲ ಬಾಯಿ. ಮೊದಲು ಬಂಡೆಯ ಮೇಲೆ ಬಿದ್ದಳು. ಹುಬ್ಬು ಒಡೆದು ರಕ್ತ ಬಂತು. ಮನೆಗೆ ಹಾಗೇ ಕರ್ಕೊಂಡು ಹೋದ್ರೆ ಅಮ್ಮ ಹೊಡೀತಾರೆ ಅಂತ ನಾನೇ ಅವಳನ್ನು ಕೆಳಗೆ ಇಳಿಸಿದೆ, ಮುಖ ತೊಳೀಲಿಕ್ಕೆ. ಆಗ ತೆರೆ ಬಂತು."

"ಬಲ ಹುಬ್ಬಾ?"

"ಬಲ."

"ಯಾರಿಗೂ ಹೇಳಲಿಲ್ವಾ?"

"ಒಬ್ಬರಿಗೂ ಹೇಳಲಿಲ್ಲ. ಮರುವಾಯಿ ಚಿಪ್ಪು ಹೆಕ್ಕುವಾಗ ಜಾರಿದಳು ಅಂತ ಹೇಳಿದ್ದು. ಹದಿನಾರು ವರ್ಷ ಅದನ್ನೇ ಹೇಳಿದ್ದು. ಅಮ್ಮನಿಗೆ ಹೇಗೆ ಗೊತ್ತಾಯಿತು?"

ಮಧ್ಯಾಹ್ನದ ಬಿಸಿಲಿನಲ್ಲಿ ನಿಂತು ಅವರ ಕೈ ಹಿಡಿದುಕೊಂಡೆ. "ಹೇಳಿಬಿಡಿ ಅಕ್ಕ," ಎಂದೆ. "ನಿಮ್ಮ ಅಮ್ಮನಿಗೆ ಹೇಳಿಬಿಡಿ." ಬಸ್ ಬಂತು. ಹತ್ತಿ ಕೂತ ಮೇಲೆ ಕಿಟಕಿಯಿಂದ ನೋಡಿದರೆ ಅವರು ಇನ್ನೂ ಅಂಗಡಿಯ ಮುಂದೆಯೇ ನಿಂತಿದ್ದರು.

ಮದುವೆ ಆಟಿ ತಿಂಗಳಲ್ಲಿ, ಬೆಳ್ಮಣ್ಣಿನ ಹುಡುಗನ ಮನೆಯಲ್ಲಿ, ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ. ತಾಯಿ ಹಟ ಹಿಡಿದು ನನ್ನನ್ನೂ ಕರೆಸಿದ್ದರು. ಮುದ್ರಣಾಲಯಕ್ಕೆ ರಜೆ ಹಾಕಿ ಹೋದೆ. ಹೊರಗಿನಿಂದ ನೋಡಿದರೆ ಯಾವುದೇ ಮದುವೆ ಮನೆಯ ಹಾಗೆಯೇ. ಹೆಂಗಸರು ಮಲ್ಲಿಗೆ ಮುಡಿದಿದ್ದರು, ಒಳಗಿನಿಂದ ಸಾರಿನ ಪರಿಮಳ ಬರುತ್ತಿತ್ತು, ಹುಡುಗಿ ಕಡೆಯವರಿಗೆ ಕಾಲು ತೊಳೆಯಲು ನೀರು ಕೊಟ್ಟರು. ಆದರೆ ಮಾತುಗಳೆಲ್ಲ ಸಣ್ಣ ದನಿಯಲ್ಲಿ. ಚಾವಡಿಯಲ್ಲಿ ಎರಡು ಮಣೆ. ಒಂದರ ಮೇಲೆ ಪಂಚೆ, ಶಾಲು. ಇನ್ನೊಂದರ ಮೇಲೆ ಸೀರೆ, ರವಿಕೆ, ನನ್ನ ಕೈಯ ಅಳತೆಯ ಹಸಿರು ಬಳೆಗಳು. ಅವುಗಳ ಹಿಂದೆ ಗೋಡೆಗೆ ಒರಗಿಸಿ ನಾನು ಬರೆದ ಚಿತ್ರ.

ಹುಡುಗನ ಕಡೆಯವರು ಒಬ್ಬೊಬ್ಬರಾಗಿ ಬಂದು ಹುಡುಗಿಯನ್ನು ನೋಡಿದರು. ಹುಡುಗನ ತಂದೆ, ಐವತ್ತು ದಾಟಿದ ಮನುಷ್ಯ, ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಬರೆದವಳು ನಾನೆಂದು ಯಾರೋ ಹೇಳಿದರು. ನನ್ನ ಹತ್ತಿರ ಬಂದರು.

"ನಮ್ಮವನಿಗೂ ಒಂದು ಬರೆದು ಕೊಡ್ತೀರಾ ಬಾಯಿ? ಅವನ ಮಣೆ ಖಾಲಿ ಕಾಣ್ತದೆ."

ಮನೆಯ ಮಕ್ಕಳ ಶಾಲೆಯ ಚೀಲದಿಂದ ಹಾಳೆ, ಪೆನ್ಸಿಲ್ ತಂದುಕೊಟ್ಟರು. ಒಂದು ಲೋಟವನ್ನು ಬೋರಲು ಇಟ್ಟು ವೃತ್ತ ಎಳೆದೆ. ಎರಡು ಗೆರೆ ಹಾಕಿದೆ. ಗಂಡಸಿಗೆ ಬೇಕಾದಷ್ಟು ಅಗಲವಾದ ಗದ್ದ ಕೊಟ್ಟೆ.

"ಅವನು ಯಾರ ಹಾಗಿದ್ದ?" ಎಂದು ಕೇಳಿದೆ.

ತಂದೆ ಹೆಂಡತಿಯ ಮುಖ ನೋಡಿದರು. ಆಕೆ ಹೇಳಿದರು: "ಹನ್ನೊಂದು ದಿವಸದ ಕೂಸು. ಅವನು ಕಣ್ಣು ಸರಿಯಾಗಿ ಬಿಟ್ಟದ್ದೇ ಇಲ್ಲ."

ಪೆನ್ಸಿಲ್ ಕಣ್ಣಿನ ಗೆರೆಯ ಮೇಲೆ ನಿಂತಿತು. ತಂದೆಯ ಮೂಗು, ತಾಯಿಯ ಹಣೆ ಸೇರಿಸಿ ಏನಾದರೂ ಬರೆಯಬಹುದಿತ್ತು. ಹಾಗೆ ಬಂದ ಮುಖ ಬೇರೆ ಯಾರದ್ದೋ ಆಗಿಬಿಡಬಹುದು ಎಂದು ಹೆದರಿಕೆಯಾಯಿತು. ನಾನು ಪೆನ್ಸಿಲ್ ಕೆಳಗಿಟ್ಟೆ. ಆಕೆ ಹಾಳೆಯನ್ನು ಮೆಲ್ಲನೆ ನನ್ನಿಂದ ತೆಗೆದುಕೊಂಡರು.

"ಸಾಕು ಬಾಯಿ. ಇಷ್ಟೇ ಇರಲಿ. ಉಳಿದದ್ದು ಅವಳಿಗೆ ಕಾಣಬಹುದು."

ಆ ಹಾಳೆಯನ್ನು ಹುಡುಗನ ಮಣೆಯ ಹಿಂದೆ ಒರಗಿಸಿದರು. ಹೆಣ್ಣನ್ನು ಗಂಡಿನ ಎಡಕ್ಕೆ ಕೂರಿಸುವುದು ಪದ್ಧತಿ. ಎದುರು ನಿಂತ ನಮಗೆ ಅವಳು ಬಲಗಡೆ, ಅವನು ಎಡಗಡೆ. ಎಲ್ಲ ಸರಿಮಾಡಿ ಹಿರಿಯರು ಹಿಂದೆ ಸರಿದರು. ಅವಳು ಅವನನ್ನೇ ನೋಡುತ್ತಿದ್ದಳು. ಕಣ್ಣಿಲ್ಲದ ಆ ಮುಖವನ್ನು, ಪರಿಚಯ ಇರುವವರು ನೋಡುವ ಹಾಗೆ, ಸ್ವಲ್ಪ ನಾಚಿಕೆಯಿಂದ. ನಾನು ಆ ನಾಚಿಕೆಯನ್ನು ಬರೆದಿರಲಿಲ್ಲ.

ಕರಿಮಣಿಯನ್ನು ಸೀರೆಯ ಮೇಲೆ ಇಟ್ಟರು. ಧಾರೆಯ ನೀರು ಬಿಟ್ಟರು. ಎರಡು ಎಲೆ ಹಾಕಿ ಬಡಿಸಿದರು. ಹೊರಡುವಾಗ ತಾಯಿ ಮಣೆಯ ಮುಂದೆ ಬಗ್ಗಿ, ಸೀರೆಯ ಸೆರಗನ್ನು ಸರಿಮಾಡಿ, "ಅವರು ಹೇಳಿದ ಹಾಗೆ ಕೇಳ್ಬೇಕು ಆಯ್ತಾ," ಎಂದರು. ಚಿತ್ರವನ್ನು ಅಲ್ಲೇ ಬಿಟ್ಟುಬಂದರು.

ಬಸ್ಸಿಗೆ ಕಾಯುವಾಗ ಅಕ್ಕ ನನ್ನ ಪಕ್ಕ ಕೂತು, ಹಿಂದಿನ ವಾರ ತಾಯಿಗೆ ಎಲ್ಲವನ್ನೂ ಹೇಳಿದೆ ಎಂದರು. ತಾಯಿ ಬೈಯಲಿಲ್ಲವಂತೆ. "ರಕ್ತ ತುಂಬ ಬಂದಿತ್ತಾ?" ಎಂದು ಮಾತ್ರ ಕೇಳಿ, ಮಗಳ ಬೆನ್ನು ಸವರುತ್ತ ಕೂತಿದ್ದರಂತೆ. ಕಲೆಯ ವಿಷಯ ಹೇಗೆ ಗೊತ್ತಾಯಿತೆಂದು ಅಕ್ಕ ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ ಎಂದರು. ನನಗೂ ಇರಲಿಲ್ಲ.

ಮರುವರ್ಷ ಅಕ್ಕನಿಗೆ ಮದುವೆಯಾಯಿತು. ಪಡುಬಿದ್ರಿಯ ಗಂಡ, ಒಳ್ಳೆಯ ಮನುಷ್ಯ. ಅವರು ಕೆಲಸ ಬಿಟ್ಟರು. ನಾನು ಮುದ್ರಣಾಲಯದಲ್ಲಿ ಲೇಬಲ್ ಬರೆಯುತ್ತ ಮುಂದುವರಿದೆ. ಆ ಪರದೇಶದ ಹಾಳೆಗಳನ್ನು ಒಂದು ಫೈಲಿನಲ್ಲಿ ಕಟ್ಟಿಟ್ಟೆ. ಯಾರಾದರೂ ತಮ್ಮ ಮಗುವಿನ ಮುಖ ಬರೆದುಕೊಡಿ ಎಂದರೆ, ನನಗೆ ಬರುವುದಿಲ್ಲ ಎಂದುಬಿಡುತ್ತಿದ್ದೆ.

ಐದಾರು ವರ್ಷಗಳ ನಂತರ ಉಡುಪಿಯ ಬಸ್ ಸ್ಟ್ಯಾಂಡಿನಲ್ಲಿ ಆ ತಾಯಿ ಸಿಕ್ಕಿದರು. ಕೈಯಲ್ಲಿ ತರಕಾರಿಯ ಚೀಲ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಮುಖ ಮಾತ್ರ ಮೊದಲಿಗಿಂತ ಹಗುರಾಗಿತ್ತು. ಕಂಡಕ್ಟರುಗಳ ಕೂಗಿನ ನಡುವೆ ನನ್ನನ್ನು ಗುರುತು ಹಿಡಿದು ಕೈ ಹಿಡಿದುಕೊಂಡರು. ಅಕ್ಕನ ಇಬ್ಬರು ಗಂಡುಮಕ್ಕಳ ಬಗ್ಗೆ ಹೇಳಿದರು. ನನ್ನ ಮದುವೆಯ ಬಗ್ಗೆ ಕೇಳಿದರು.

"ಸಣ್ಣವಳಿಗೂ ಮಗು ಆಯಿತು ಬಾಯಿ," ಎಂದರು. "ಕಳೆದ ತಿಂಗಳು."

"ಸಂತೋಷ ಅಮ್ಮ. ಗಂಡಾ, ಹೆಣ್ಣಾ?"

"ಹೆಣ್ಣು," ಎಂದು ನಕ್ಕರು.

ಅಷ್ಟರಲ್ಲಿ ಕಾರ್ಕಳದ ಬಸ್ ಬಂತು. ಅವರೇ ನನ್ನ ಚೀಲವನ್ನು ಕಿಟಕಿಯಿಂದ ಒಳಗೆ ತೂರಿಸಿ ಸೀಟು ಹಿಡಿದುಕೊಟ್ಟರು. ಯಾರ ಮಗುವಿನ ಬಗ್ಗೆ ಹಾಗೆ ಕೇಳಿದೆನೆಂದು ನನಗೆ ಹೊಳೆದದ್ದು ಬಸ್ ಮಣಿಪಾಲದ ಏರು ಹತ್ತಿದ ಮೇಲೆ.